ರಕ್ತದ ಕ್ಯಾನ್ಸರ್ ರೋಗಿಗೆ ‘ಟ್ರೇಕಿ’ ಮಾಡಬೇಕೆಂದಾಗ: ಐಸಿಯು ಹೊರಗೆ ಕಾಯುವವರಿಗೆ ಒಂದು ಮಾರ್ಗದರ್ಶಿ

ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇರುವವರು ಕೀಮೋ ನಡುವೆ ನ್ಯುಮೋನಿಯಾ ಹಿಡಿದು ವೆಂಟಿಲೇಟರಿಗೆ ಹೋಗುವುದು ಅಪರೂಪವೇನಲ್ಲ. ವಾರ ಕಳೆಯುತ್ತದೆ, ಹತ್ತು ದಿನವಾಗುತ್ತದೆ. ಆಗ ಡಾಕ್ಟರು ಮನೆಯವರನ್ನು ಕರೆದು, ‘ಬಾಯಿಯ ಟ್ಯೂಬ್ ಇನ್ನೂ ಬಹಳ ದಿನ ಇಡುವುದು ಒಳ್ಳೆಯದಲ್ಲ, ಟ್ರೇಕಿಯೋಸ್ಟಮಿ ಮಾಡೋಣ, ಯೋಚಿಸಿ ಹೇಳಿ’ ಎನ್ನುತ್ತಾರೆ. ಹೊರಗೆ ಕುರ್ಚಿಯಲ್ಲಿ ಕೂತವರ ಬಾಯಲ್ಲಿ ಅದು ‘ಗಂಟಲಿಗೆ ತೂತು ಮಾಡ್ತಾರಂತೆ’ ಎಂದಾಗುತ್ತದೆ. ಊರಿಗೆ ಫೋನ್ ಮುಟ್ಟುವಾಗ ‘ಇನ್ನು ಆಸೆ ಇಲ್ಲವಂತೆ’ ಎಂದು ಬದಲಾಗಿರುತ್ತದೆ.

ನಾನು ಮಂಗಳೂರಿನ ಐಸಿಯುಗಳಲ್ಲಿ ನರ್ಸ್ ಆಗಿ ಬಹಳ ವರ್ಷ ದುಡಿದವಳು. ಕುಂದಾಪುರ, ಭಟ್ಕಳ, ಕಾಸರಗೋಡಿನಿಂದ, ಘಟ್ಟದ ಮೇಲಿನ ಶಿವಮೊಗ್ಗ, ಚಿಕ್ಕಮಗಳೂರಿನಿಂದ ಮಂಗಳೂರಿಗೂ ಮಣಿಪಾಲಕ್ಕೂ ಬಂದು, ಲಾಡ್ಜಿನಲ್ಲೋ ಆಸ್ಪತ್ರೆಯ ವರಾಂಡದಲ್ಲೋ ಮಲಗಿ, ದಿನಕ್ಕೆರಡು ಹೊತ್ತು ಹತ್ತು ನಿಮಿಷ ಒಳಗೆ ನೋಡಿ ಹೋಗುವವರಿಗಾಗಿ ಇದನ್ನು ಬರೆದಿದ್ದೇನೆ. ಸಾಮಾನ್ಯ ರೋಗಿಯ ಟ್ರೇಕಿ ಬೇರೆ, ರಕ್ತದ ಕ್ಯಾನ್ಸರ್ ಇರುವವರ ಟ್ರೇಕಿ ಬೇರೆ. ಕುತ್ತಿಗೆಯ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಬಹುದು. ‘ಇದನ್ನು ಮಾಡಿ ನಾವು ಕಾಯುವುದು ಯಾವುದಕ್ಕೆ?’ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಉಳಿದ ಹೆಜ್ಜೆಗಳು ತಾವಾಗಿ ಸಾಲುಗೂಡುತ್ತವೆ.

ಮೊದಲು, ಏನು ಮಾಡುತ್ತಾರೆ ಎಂಬುದನ್ನು ತಿಳಿದುಕೊಳ್ಳಿ

ಬಾಯಿಂದ ಹಾಕಿದ ಟ್ಯೂಬ್ ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳಕ್ಕೆ ಇಳಿದಿರುತ್ತದೆ. ಅದನ್ನು ಸಹಿಸಿಕೊಳ್ಳಲು ನಿದ್ದೆಯ ಔಷಧ ಬೇಕು. ಆ ಔಷಧ ಮುಂದುವರಿದಷ್ಟೂ ಕೆಮ್ಮುವ ಶಕ್ತಿ ಕುಂದುತ್ತದೆ, ಕೈಕಾಲು ಸೋಲುತ್ತದೆ. ಕೀಮೋ ಆದವರ ಬಾಯಿ ಮೊದಲೇ ಹುಣ್ಣಾಗಿರುತ್ತದೆ. ಆ ಹುಣ್ಣಿಗೆ ಒತ್ತಿಕೊಂಡೇ ಟ್ಯೂಬ್ ಇರುತ್ತದೆ. ಬಾಯಿ ಸ್ವಚ್ಛ ಮಾಡಲು ಹೋದರೆ ರಕ್ತ ಜಿನುಗುತ್ತದೆ. ಟ್ರೇಕಿ ಮಾಡಿದರೆ ಬಾಯಿ ಬಿಡುವಾಗುತ್ತದೆ, ನಿದ್ದೆಯ ಔಷಧ ಇಳಿಸಬಹುದು, ರೋಗಿಯನ್ನು ಎಬ್ಬಿಸಿ ಕೂರಿಸಬಹುದು, ವೆಂಟಿಲೇಟರನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಬಿಡಿಸುತ್ತಾ ಬರಬಹುದು.

ಕುತ್ತಿಗೆಯ ಮುಂದೆ, ಗಂಟಲಮಣಿಯ ಕೆಳಗೆ, ಶ್ವಾಸನಾಳದ ಎರಡನೇ ಮೂರನೇ ಉಂಗುರದ ಆಸುಪಾಸಿನಲ್ಲಿ ದಾರಿ ಮಾಡಿ ಗಿಡ್ಡನೆಯ ಬಾಗಿದ ಟ್ಯೂಬ್ ಕೂರಿಸುತ್ತಾರೆ. ಇಎನ್‌ಟಿ ಸರ್ಜನ್ ಆಪರೇಷನ್ ಥಿಯೇಟರಿನಲ್ಲಿ ಕತ್ತರಿಸಿ ಮಾಡುವುದು ಹಳೆಯ ಕ್ರಮ. ಸೂಜಿ ಚುಚ್ಚಿ, ತಂತಿ ಇಳಿಸಿ, ದಾರಿಯನ್ನು ಹಿಗ್ಗಿಸಿ ಟ್ಯೂಬ್ ಹಾಕುವ ಈಗಿನ ಕ್ರಮ 1985ರ ನಂತರ ಬಳಕೆಗೆ ಬಂತು. ಅದನ್ನು ಐಸಿಯು ಮಂಚದಲ್ಲೇ ಮಾಡುತ್ತಾರೆ. ಒಳಗೆ ಬ್ರಾಂಕೋಸ್ಕೋಪ್ ಕ್ಯಾಮೆರಾ ಇಳಿಸಿ ಸೂಜಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿಕೊಳ್ಳುತ್ತಾರೆ. ಎರಡನೆಯದರಲ್ಲಿ ಗಾಯ ಚಿಕ್ಕದು, ಟ್ಯೂಬಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ರಕ್ತ ಜಿನುಗುವುದೂ ಸೋಂಕು ತಗಲುವುದೂ ಕಡಿಮೆ. ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್ಲೆಟ್ ಕಡಿಮೆಯಿರುವವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಕುತ್ತಿಗೆ ತೀರಾ ಗಿಡ್ಡವಿದ್ದರೆ, ಗಂಟಲ ಸುತ್ತ ಲಿಂಫೋಮಾ ಗಡ್ಡೆಗಳಿದ್ದರೆ ಥಿಯೇಟರೇ ಸರಿ. ಲಿಂಫೋಮಾದ ದೊಡ್ಡ ಗಡ್ಡೆ ಎದೆಯೊಳಗೆ ಕೂತು ಶ್ವಾಸನಾಳವನ್ನು ಕೆಳಗಿನಿಂದಲೇ ಒತ್ತುತ್ತಿದ್ದರೆ ಮಾಮೂಲಿ ಟ್ರೇಕಿ ಟ್ಯೂಬ್ ಅಲ್ಲಿಯ ತನಕ ಮುಟ್ಟುವುದೇ ಇಲ್ಲ. ಅಂಥವರ ಸಿಟಿ ಸ್ಕ್ಯಾನ್ ಫಿಲ್ಮು ಹಿಂದಿನ ಆಸ್ಪತ್ರೆಯಲ್ಲಿ ಉಳಿದಿದ್ದರೆ ಇವತ್ತೇ ತರಿಸಿ.

ಟ್ರೇಕಿಯಿಂದ ನ್ಯುಮೋನಿಯಾ ವಾಸಿಯಾಗುವುದಿಲ್ಲ, ಕ್ಯಾನ್ಸರೂ ವಾಸಿಯಾಗುವುದಿಲ್ಲ. ಬೇಗ ಮಾಡಿಬಿಟ್ಟರೆ ಬದುಕುತ್ತಾರೆ ಎಂಬುದಕ್ಕೂ ಆಧಾರವಿಲ್ಲ. ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಟ್ರ್ಯಾಕ್‌ಮ್ಯಾನ್ ಅಧ್ಯಯನದಲ್ಲಿ ಸುಮಾರು 900 ಐಸಿಯು ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 4 ದಿನದೊಳಗೆ ಟ್ರೇಕಿ, ಇನ್ನೊಂದಕ್ಕೆ 10 ದಿನ ಕಳೆದ ಮೇಲೆ, ಅದೂ ಆಗ ಬೇಕಿದ್ದರೆ ಮಾತ್ರ. ತಿಂಗಳ ಕೊನೆಗೆ ತೀರಿಕೊಂಡವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಕಾಯಲು ಬಿಟ್ಟ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಟ್ರೇಕಿ ಮಾಡುವ ಪ್ರಸಂಗವೇ ಬರಲಿಲ್ಲ. ಅವರು ಎಲ್ಲ ಬಗೆಯ ಐಸಿಯು ರೋಗಿಗಳು, ರಕ್ತದ ಕ್ಯಾನ್ಸರಿನವರಷ್ಟೇ ಅಲ್ಲ. ಆದರೂ ‘ಎರಡು ದಿನ ನೋಡೋಣ’ ಎಂದು ಡಾಕ್ಟರು ಹೇಳಿದರೆ ನಿರ್ಲಕ್ಷ್ಯ ಮಾಡಿದರು ಎಂದು ತಿಳಿಯಬೇಡಿ. ಪ್ಲೇಟ್ಲೆಟ್ 8,000ಕ್ಕೆ ಕುಸಿದಿರುವವರಲ್ಲಿ ಕಾಯುವುದೇ ಎಷ್ಟೋ ಸಲ ಜಾಣತನ.

ಸಹಿಗೆ ಮೊದಲು: ಇಬ್ಬರು ಡಾಕ್ಟರನ್ನೂ ಒಟ್ಟಿಗೆ ಕೂರಿಸಿ

ಐಸಿಯು ಡಾಕ್ಟರು ಶ್ವಾಸಕೋಶ, ಬಿಪಿ, ಕಿಡ್ನಿ ನೋಡುತ್ತಾರೆ. ‘ಪರಿಸ್ಥಿತಿ ಗಂಭೀರ’ ಎನ್ನುತ್ತಾರೆ. ರಕ್ತದ ಕಾಯಿಲೆಯ ಡಾಕ್ಟರು ಬಂದು ಕೌಂಟ್ (ರಕ್ತಕಣಗಳ ಲೆಕ್ಕ) ನೋಡಿ ‘ಕೀಮೋಗೆ ಒಳ್ಳೆಯ ರೆಸ್ಪಾನ್ಸ್ ಇದೆ’ ಎನ್ನುತ್ತಾರೆ. ಎರಡೂ ನಿಜವಿರಬಹುದು. ಬೆಳಿಗ್ಗೆ ಒಂದು, ಸಂಜೆ ಒಂದು ಕೇಳಿಸಿಕೊಂಡ ಮನೆಯವರು ಮಾತ್ರ ತಲೆಕೆಡಿಸಿಕೊಳ್ಳುತ್ತಾರೆ. ‘ಇಬ್ಬರೂ ಒಟ್ಟಿಗೆ ಸಿಗುವ ಹೊತ್ತಿಗೆ ನಾವು ಬರುತ್ತೇವೆ’ ಎಂದು ಐಸಿಯು ಸಿಸ್ಟರ್ ಹತ್ತಿರ ಹೇಳಿಡಿ. ಇದನ್ನು ಕೇಳುವುದು ಅಧಿಕಪ್ರಸಂಗವಲ್ಲ.

ನಮ್ಮ ಕಡೆ ಇನ್ನೊಂದು ತೊಡಕು ಇದೆ. ಮಗ ದುಬೈಯಲ್ಲೋ ದೋಹಾದಲ್ಲೋ ಇರುತ್ತಾನೆ, ಇಲ್ಲಿ ಓಡಾಡುವುದು ಅಳಿಯ, ಕೊನೆಯ ಮಾತು ಸೋದರಮಾವನದ್ದು. ಮೂವರೂ ಬೇರೆಬೇರೆಯಾಗಿ ಡಾಕ್ಟರಿಗೆ ಫೋನ್ ಮಾಡಿದರೆ ಮೂರು ಬಗೆಯ ಅರ್ಥವಾಗುತ್ತದೆ. ಮಾತಾಡಲು ಒಬ್ಬರನ್ನು ಗೊತ್ತುಮಾಡಿ. ಊರಲ್ಲಿಲ್ಲದವರನ್ನು ಅದೇ ಹೊತ್ತಿಗೆ ವೀಡಿಯೋ ಕಾಲ್‌ನಲ್ಲಿ ಸೇರಿಸಿಕೊಳ್ಳಿ. ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕೇಳಬೇಕಾದ್ದು ಹೀಗೆ: ಉಸಿರಾಟ ಕೆಟ್ಟದ್ದಕ್ಕೆ ಕಾರಣ ಏನೆಂದು ಸಿಕ್ಕಿದೆಯೇ? ಆ ಕಾರಣ ವಾಸಿಯಾಗುವಂಥದ್ದೇ? ಕ್ಯಾನ್ಸರ್ ಈಗ ಯಾವ ಹಂತದಲ್ಲಿದೆ: ಮೊದಲ ಚಿಕಿತ್ಸೆಯೇ, ಹತೋಟಿಗೆ ಬಂದಿದೆಯೇ, ಮರುಕಳಿಸಿದ್ದೇ, ಯಾವ ಔಷಧಕ್ಕೂ ಬಗ್ಗದ್ದೇ? ಶ್ವಾಸಕೋಶವಲ್ಲದೆ ಇನ್ನೆಷ್ಟು ಅಂಗ ಸೋತಿದೆ? ಈ ಕಾಯಿಲೆ ಬರುವ ಮೊದಲು ಇವರು ಎದ್ದು ಓಡಾಡುತ್ತಿದ್ದರೇ? ಇವುಗಳ ಮುಂದೆ ವಯಸ್ಸೊಂದೇ ದೊಡ್ಡ ಲೆಕ್ಕವಲ್ಲ.

ಉದಾಹರಣೆಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಮೊದಲ ಕೀಮೋ ಕೊಟ್ಟವರಲ್ಲಿ ಬಿಳಿರಕ್ತಕಣ ನೆಲಕಚ್ಚಿ, ಸಾಮಾನ್ಯವಾಗಿ ಮೂರು ನಾಲ್ಕು ವಾರದ ಹೊತ್ತಿಗೆ ಮತ್ತೆ ಏರುತ್ತದೆ. ಹದಿನಾರನೇ ದಿನ ನ್ಯುಮೋನಿಯಾದಿಂದ ವೆಂಟಿಲೇಟರಿನಲ್ಲಿರುವವರಿಗೆ ಕಾಯಲು ಒಂದು ಕಾರಣ ಇದೆ: ಕೌಂಟ್ ಏರಿದರೆ ಸೋಂಕಿನ ಜತೆ ಹೋರಾಡಲು ದೇಹಕ್ಕೆ ಆಳು ಸಿಗುತ್ತದೆ. (ಕೌಂಟ್ ಏರುವ ಆ ದಿನಗಳಲ್ಲೇ ಉಸಿರಾಟ ಸ್ವಲ್ಪ ಹೆಚ್ಚು ಕೆಡುವುದೂ ಉಂಟು. ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ.) ಎಪಿಎಲ್ (ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ) ಎಂಬ ಬಗೆಯಲ್ಲಿ ಮೊದಲ ವಾರಗಳು ಭಯಾನಕ, ರಕ್ತಸ್ರಾವ ಆಗಬಹುದು, ಔಷಧದ ಪರಿಣಾಮದಿಂದಲೇ ಶ್ವಾಸಕೋಶ ತುಂಬಿಕೊಳ್ಳಬಹುದು. ಆದರೆ ಆ ಗಂಡಾಂತರ ದಾಟಿದವರಲ್ಲಿ ಪೂರ್ತಿ ವಾಸಿಯಾಗುವವರೇ ಬಹುಪಾಲು. ಇಂಥವರಿಗೆ ಟ್ರೇಕಿ ಬೇಕೆಂದರೆ ನಾನು ಹಿಂದೆಮುಂದೆ ನೋಡದೆ ‘ಮಾಡಿಸಿ’ ಎನ್ನುವವಳು.

ಎರಡು ಮೂರು ಬಗೆಯ ಚಿಕಿತ್ಸೆ ಸೋತು, ಕ್ಯಾನ್ಸರ್ ಏರುತ್ತಲೇ ಇದ್ದು, ಡಯಾಲಿಸಿಸ್ ಬೇಕಾಗಿ, ಕುಸಿಯುವ ಬಿಪಿಯನ್ನು ಎತ್ತಿಹಿಡಿಯಲು ಔಷಧ ಹೆಚ್ಚಿಸುತ್ತಲೇ ಹೋಗಬೇಕಾದ ರೋಗಿಯಲ್ಲಿ ಟ್ರೇಕಿ ಬದುಕನ್ನು ಕೊಡುವುದಿಲ್ಲ, ಐಸಿಯು ದಿನಗಳನ್ನು ಉದ್ದ ಮಾಡುತ್ತದೆ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಸಿಕ್ಕಿಲ್ಲ.

ಎರಡರ ನಡುವೆ ಇರುವವರೇ ಹೆಚ್ಚು. ಅವರಿಗೆ ಗಡುವು ಇಟ್ಟು ನೋಡುವುದು ಒಳ್ಳೆಯದು. ‘ಹತ್ತು ದಿನ ಎಲ್ಲ ಚಿಕಿತ್ಸೆ ಮಾಡೋಣ, ಆಕ್ಸಿಜನ್ ಇಷ್ಟಕ್ಕೆ ಇಳಿಯಬೇಕು, ಕೌಂಟ್ ಇಷ್ಟಕ್ಕೆ ಬರಬೇಕು, ಆಗ ಮತ್ತೆ ಕೂತು ಮಾತಾಡೋಣ’ ಎಂದು ಮೊದಲೇ ಮಾತಾಗಲಿ.

ಬೇಡ ಎಂದು ತೀರ್ಮಾನಿಸಿದರೆ

ಟ್ರೇಕಿ ಬೇಡ ಎಂದ ಕೂಡಲೇ ವೆಂಟಿಲೇಟರ್ ನಿಲ್ಲಿಸುವುದಿಲ್ಲ, ಆರೈಕೆಯನ್ನೂ ಬಿಡುವುದಿಲ್ಲ. ಉಸಿರುಗಟ್ಟುವ ಸಂಕಟ ತಗ್ಗಿಸಲು ಮಾರ್ಫಿನ್‌ನಂಥ ಔಷಧಗಳಿವೆ, ಉಪಶಾಮಕ ಆರೈಕೆಯ ವಿಭಾಗ ಮಣಿಪಾಲದಲ್ಲೂ ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಇದೆ. ಆ ಡಾಕ್ಟರನ್ನು ಕೊನೆಯ ದಿನ ಕರೆಸುವ ಬದಲು ಟ್ರೇಕಿಯ ಮಾತು ಬಂದಾಗಲೇ ಕರೆಸಿ. ಕಾನೂನಿನ ಭಯವೂ ಬೇಡ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, ಗುಣವಾಗದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನು 2023ರ ಜನವರಿಯಲ್ಲಿ ಸರಳ ಮಾಡಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಿ, ಮನೆಯವರ ಒಪ್ಪಿಗೆ ಪಡೆದು ನಡೆಯುವ ಕ್ರಮ ಅದು. ರೋಗಿ ಮಾತಾಡುವಂತಿದ್ದಾಗ ‘ನನಗೆ ಇಂಥದ್ದು ಬೇಡ’ ಎಂದು ಹೇಳಿದ್ದರೆ ಅದನ್ನು ಡಾಕ್ಟರಿಗೆ ತಿಳಿಸಿ. ಆ ಮಾತಿಗೆ ನಮ್ಮೆಲ್ಲರ ಅಭಿಪ್ರಾಯಕ್ಕಿಂತ ತೂಕ ಹೆಚ್ಚು.

ಮಾಡಿಸುವುದಾದರೆ: ರಕ್ತವನ್ನು ಸಿದ್ಧ ಮಾಡಿ

ಮನೆಯವರು ನಿಜವಾಗಿ ಕೈಜೋಡಿಸಬಹುದಾದ ಕೆಲಸ ಇರುವುದು ಇಲ್ಲೇ.

ಪ್ಲೇಟ್ಲೆಟ್ ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಇಂಥ ಕೆಲಸಕ್ಕೆ 50,000 ಇರಬೇಕೆಂದು ಸಾಮಾನ್ಯವಾಗಿ ಬಯಸುತ್ತಾರೆ. ಅಷ್ಟು ಏರದೇ ಇದ್ದರೂ, ಪ್ಲೇಟ್ಲೆಟ್ ಹನಿಸುತ್ತಲೇ ಅನುಭವಿ ಕೈಗಳು ಸುರಕ್ಷಿತವಾಗಿ ಮಾಡುವುದುಂಟು. ರಕ್ತದಾನದ ಚೀಲದಿಂದ ಬೇರ್ಪಡಿಸಿದ ಆರ್‌ಡಿಪಿ ಒಂದು ಯೂನಿಟ್ ಕೌಂಟನ್ನು 5ರಿಂದ 10 ಸಾವಿರ ಏರಿಸುತ್ತದೆ. ಒಬ್ಬರೇ ದಾನಿಯಿಂದ ಮೆಷಿನ್ನಿನಲ್ಲಿ ತೆಗೆದ ಎಸ್‌ಡಿಪಿ 30ರಿಂದ 50 ಸಾವಿರ ಏರಿಸಬಲ್ಲದು. ಜ್ವರ, ಸೋಂಕು ಇರುವವರಲ್ಲಿ ಇಷ್ಟು ಏರುವುದಿಲ್ಲ, ಏರಿದ್ದು ಬೇಗ ಇಳಿಯುತ್ತದೆ. ಅದಕ್ಕೇ ಟ್ರೇಕಿಗೆ ಸ್ವಲ್ಪವೇ ಮೊದಲು ಕೊಟ್ಟು, ಒಂದು ಗಂಟೆಯೊಳಗೆ ಕೌಂಟ್ ನೋಡಿ, ಇನ್ನೊಂದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುತ್ತಾರೆ. ಎಷ್ಟು ಕೊಟ್ಟರೂ ಏರದಿದ್ದರೆ ದೇಹ ಬೇರೆಯವರ ಪ್ಲೇಟ್ಲೆಟ್ಟನ್ನು ನಾಶ ಮಾಡುತ್ತಿರಬಹುದು. ಆಗ ಎಚ್‌ಎಲ್‌ಎ (ಜೀವಕೋಶದ ಮೇಲಿನ ಗುರುತು) ಹೊಂದುವ ದಾನಿ ಬೇಕಾಗುತ್ತಾರೆ.

ಪ್ಲೇಟ್ಲೆಟ್ ಚೀಲವನ್ನು ಫ್ರಿಜ್ಜಿನಲ್ಲಿ ಇಡುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಅಲುಗಾಡಿಸುವ ತಟ್ಟೆಯ ಮೇಲೆ, ಸಾಮಾನ್ಯವಾಗಿ ಐದು ದಿನ ಮಾತ್ರ. ನಾವು ಹಚ್ಚುವ ಮೊದಲು ಹಳದಿ ಚೀಲವನ್ನು ದೀಪಕ್ಕೆ ಹಿಡಿದು ಮೆಲ್ಲಗೆ ಅಲುಗಿಸುತ್ತೇವೆ. ಒಳಗೆ ಮಿನುಗುವ ಸುಳಿ ಎದ್ದರೆ ಕಣಗಳು ಜೀವಂತ ಇವೆ ಎಂದು ಅರ್ಥ. ಹೆಚ್ಚು ದಿನ ಇಡಲಾಗದ್ದರಿಂದ ದಾನಿಗಳನ್ನು ಸಾಲಾಗಿ ಗೊತ್ತುಮಾಡಿ. ಒಂದೇ ದಿನ ಎಂಟು ಜನರನ್ನು ಜೀಪಿನಲ್ಲಿ ತುಂಬಿಸಿ ತಂದರೆ ಪ್ರಯೋಜನವಿಲ್ಲ. ಇವತ್ತು ಇಬ್ಬರು, ನಾಡಿದ್ದು ಇಬ್ಬರು ಬರಲಿ. ಎಸ್‌ಡಿಪಿ ಕೊಡುವವರು 18 ದಾಟಿ 60ರೊಳಗಿರಬೇಕು, 50 ಕಿಲೋ ತೂಕ ಇರಬೇಕು, ಕೈಯ ನರ ದಪ್ಪವಿರಬೇಕು, ಮೂರು ದಿನದಿಂದ ಆಸ್ಪಿರಿನ್ ನುಂಗಿರಬಾರದು. ಒಂದೂವರೆ ಗಂಟೆ ಕೂರಬೇಕಾದೀತು. ಒಬ್ಬರೇ ಮತ್ತೆ ಕೊಡಲು ಕನಿಷ್ಠ 48 ಗಂಟೆ ಬಿಡುವು ಬೇಕು. ಮಂಗಳೂರಿನವರಿಗೆ ವಿಶೇಷವಾಗಿ ಹೇಳಬೇಕಾದ್ದು: ಮಲೇರಿಯಾದಿಂದ ಗುಣವಾಗಿ ಮೂರು ತಿಂಗಳು ತುಂಬದವರು ಕೊಡುವಂತಿಲ್ಲ, ಇತ್ತೀಚೆಗೆ ಡೆಂಗ್ಯೂ ಬಂದವರೂ ಕೊಡುವಂತಿಲ್ಲ. ಮಳೆಗಾಲದಲ್ಲಿ ಇದರಿಂದಲೇ ಎಷ್ಟೋ ದಾನಿಗಳು ಬ್ಲಡ್ ಬ್ಯಾಂಕ್ ಬಾಗಿಲಿನಿಂದ ವಾಪಸಾಗುತ್ತಾರೆ. ಹೊರಡುವ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ‘ನಮ್ಮ ರಕ್ತವೇ ಕೊಡ್ತೇವೆ’ ಎಂದು ಅಣ್ಣ ತಮ್ಮ ಮಕ್ಕಳು ಮುಂದೆ ಬರುತ್ತಾರೆ. ಮುಂದೆ ಬೋನ್ ಮ್ಯಾರೋ ಕಸಿ ಮಾಡುವ ಯೋಚನೆ ಇದ್ದರೆ ಒಡಹುಟ್ಟಿದವರು, ಮಕ್ಕಳು, ತಂದೆತಾಯಿ ರಕ್ತ ಕೊಡಬಾರದು. ಅವರ ಕಣಗಳ ವಿರುದ್ಧ ರೋಗಿಯ ದೇಹ ಈಗಲೇ ಪ್ರತಿಕಾಯ ಕಟ್ಟಿಕೊಂಡರೆ ನಾಳೆ ಅವರದೇ ಮ್ಯಾರೋ ನಿಲ್ಲುವುದು ಕಷ್ಟವಾಗುತ್ತದೆ. ಕಸಿಯ ಯೋಚನೆ ಇಲ್ಲದಿದ್ದರೂ ರಕ್ತಸಂಬಂಧಿಯ ರಕ್ತವನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕು. ಇಲ್ಲದಿದ್ದರೆ ದಾನಿಯ ಬಿಳಿಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ, ಬಹುಮಟ್ಟಿಗೆ ಪ್ರಾಣ ತೆಗೆಯುವ ತೊಂದರೆ ಬರಬಹುದು. ಗೆಳೆಯರು, ನೆರೆಯವರು, ಯುವಕ ಮಂಡಲದವರು ಕೊಟ್ಟರೆ ಒಳ್ಳೆಯದು. ‘ಇರೇಡಿಯೇಟ್ ಮಾಡಿದ್ದಾ, ಬಿಳಿಕಣ ಸೋಸಿದ್ದಾ’ ಎಂದು ಬ್ಲಡ್ ಬ್ಯಾಂಕಿನಲ್ಲಿ ಧೈರ್ಯವಾಗಿ ಕೇಳಿ.

ಪ್ಲೇಟ್ಲೆಟ್ ಒಂದೇ ಸಾಲದು. ಐಎನ್‌ಆರ್, ಫೈಬ್ರಿನೋಜೆನ್ ಎಂಬ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳನ್ನೂ ನೋಡುತ್ತಾರೆ. ಎಪಿಎಲ್ ಇರುವವರಲ್ಲಿ, ಆಸ್ಪರಜಿನೇಸ್ ಇಂಜೆಕ್ಷನ್ ಪಡೆದ ಎಎಲ್‌ಎಲ್ (ಇನ್ನೊಂದು ಬಗೆಯ ಲ್ಯುಕೇಮಿಯಾ) ರೋಗಿಗಳಲ್ಲಿ ಫೈಬ್ರಿನೋಜೆನ್ ಕುಸಿದಿರುತ್ತದೆ. ಅದಕ್ಕೆ ಪ್ಲಾಸ್ಮಾ ಅಥವಾ ಪ್ಲಾಸ್ಮಾದಿಂದಲೇ ತೆಗೆದ ಕ್ರಯೋ ಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ನಡೆಯುತ್ತಿದ್ದರೆ ನಿಲ್ಲಿಸುವ ಹೊತ್ತನ್ನು ಡಾಕ್ಟರು ಲೆಕ್ಕ ಹಾಕುತ್ತಾರೆ. ಸೋಂಕಿನ ಜತೆ ಹೋರಾಡುವ ಬಿಳಿಕಣ ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಟ್ರೇಕಿ ನಿಲ್ಲಿಸಬೇಕಾಗಿಲ್ಲ, ಗಾಯದ ಆರೈಕೆ ಮಾತ್ರ ಇನ್ನಷ್ಟು ಕಟ್ಟುನಿಟ್ಟಾಗಬೇಕು. ವೆಂಟಿಲೇಟರಿನಲ್ಲಿ ಆಕ್ಸಿಜನ್ 80, 90 ಶೇಕಡಾ ಬೇಕಾಗುತ್ತಿದ್ದರೆ ಅದು ಇಳಿಯುವ ತನಕ ಕಾಯುತ್ತಾರೆ, ಏಕೆಂದರೆ ಟ್ಯೂಬ್ ಬದಲಿಸುವ ಆ ಕ್ಷಣಗಳನ್ನು ಸಹ ಅಂಥ ಶ್ವಾಸಕೋಶ ತಾಳುವುದಿಲ್ಲ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ (ಬಡತನ ರೇಖೆಗಿಂತ ಮೇಲಿನ) ರೇಷನ್ ಕಾರ್ಡಿನವರಿಗೆ ಪ್ಯಾಕೇಜ್ ದರದ 30 ಶೇಕಡಾ, ಗರಿಷ್ಠ ಒಂದೂವರೆ ಲಕ್ಷ. ಸಾಮಾನ್ಯವಾಗಿ ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಂಥ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಇದ್ದಾಗ ಬೇಡ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ.

ಆದ ಮೇಲಿನ ಮೊದಲ ವಾರ

ಮೊದಲ ದಿನ ಬ್ಯಾಂಡೇಜ್ ಸ್ವಲ್ಪ ಕೆಂಪಾಗುವುದು ಸಹಜ. ಪ್ಲೇಟ್ಲೆಟ್ ಕಡಿಮೆಯಿದ್ದಾಗ ಕಫದಲ್ಲಿ ರಕ್ತದ ಎಳೆ ಕಾಣುವುದೂ ಇದೆ. ಬ್ಯಾಂಡೇಜ್ ತೊಯ್ದು ಇಳಿಯುತ್ತಿದ್ದರೆ, ಹಸಿ ಕೆಂಪು ರಕ್ತ ಬರುತ್ತಿದ್ದರೆ ಕೂಗಿ ಕರೆಯಿರಿ. ದಾರಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಅಷ್ಟರೊಳಗೆ ಟ್ಯೂಬ್ ಹೊರಬಂದರೆ ದಾರಿ ಮುಚ್ಚಿಕೊಳ್ಳುತ್ತದೆ. ಮೊದಲ ಟ್ಯೂಬನ್ನು ಏಳರಿಂದ ಹತ್ತು ದಿನದ ನಂತರವೇ ಬದಲಿಸುವುದು ಇದಕ್ಕಾಗಿ. ನೋಡಲು ಒಳಗೆ ಹೋದಾಗ ವೆಂಟಿಲೇಟರ್ ಪೈಪ್ ಎಳೆದು ನಿಂತಂತೆ ಕಂಡರೆ ಸಿಸ್ಟರಿಗೆ ಹೇಳಿ. ಕುತ್ತಿಗೆಯ ಪಟ್ಟಿಯಡಿ ಒಂದು ಬೆರಳು ತೂರುವಷ್ಟು ಸಡಿಲ ಇರಬೇಕು. ಎರಡು ಮೂರು ಬೆರಳು ತೂರಿದರೆ ಅಪಾಯ.

ಶಂಕರಪುರ ಮಲ್ಲಿಗೆ, ದೈವಸ್ಥಾನದ ಪ್ರಸಾದ, ಗಂಧ ಇವನ್ನು ನಂಬಿಕೆಯಿಂದ ತರುತ್ತೀರಿ. ಬಿಳಿರಕ್ತಕಣದ ಕೌಂಟ್ ಇಲ್ಲದವರ ಹತ್ತಿರ ಹಸಿ ಹೂವು ಬೇಡ. ತೇವದ ಹೂವಿನಲ್ಲೂ ಅದರ ನೀರಲ್ಲೂ ಶಿಲೀಂಧ್ರ, ಬ್ಯಾಕ್ಟೀರಿಯಾ ಇರುತ್ತವೆ. ಗಂಧವನ್ನು ಕುತ್ತಿಗೆಯ ಹತ್ತಿರ ಹಚ್ಚಬೇಡಿ. ಪ್ರಸಾದ ಮನೆಯ ದೇವರ ಮುಂದಿರಲಿ, ಗುಣವಾಗಿ ಹೋದ ಮೇಲೆ ಕೊಡಿ.

ಸ್ವರದ ಬಗ್ಗೆ ಎಲ್ಲರಿಗಿಂತ ಮೊದಲು ನೀವು ತಿಳಿದಿರಬೇಕು. ಎಚ್ಚರವಾದ ರೋಗಿ ಬಾಯಿ ಆಡಿಸುತ್ತಾರೆ, ಸದ್ದು ಬರುವುದಿಲ್ಲ. ಗಾಳಿ ಧ್ವನಿತಂತುಗಳ ಕೆಳಗಿನಿಂದಲೇ ಹೊರಹೋಗುತ್ತಿರುತ್ತದೆ, ಅಷ್ಟೆ, ಸ್ವರ ಸತ್ತಿಲ್ಲ. ಇದನ್ನು ರೋಗಿಗೆ ದಿನಕ್ಕೆ ನಾಲ್ಕು ಸಲ ಹೇಳಿ, ಔಷಧದ ಮಂಪರಿನಲ್ಲಿ ಮರೆತಿರುತ್ತಾರೆ. ಒಬ್ಬ ಹಿರಿಯ ಅಮ್ಮ ಮಂಚದ ಕಂಬಿಗೆ ಬಡಿಯುತ್ತಲೇ ಇದ್ದರು. ಮಗಳು ನೋವೆಂದು ತಿಳಿದು ಅಳುತ್ತಿದ್ದಳು, ನಾವು ನಿದ್ದೆಯ ಔಷಧ ಹೆಚ್ಚಿಸುವ ಯೋಚನೆಯಲ್ಲಿದ್ದೆವು. ಸ್ಲೇಟು ಕೊಟ್ಟಾಗ ಸೊಟ್ಟ ಅಕ್ಷರದಲ್ಲಿ ‘ಕಾಲು’ ಎಂದು ಬರೆದರು. ಬೆಡ್‌ಶೀಟಿನ ಮಡಿಕೆ ಹಿಮ್ಮಡಿಯಡಿ ಗಂಟಾಗಿ ಕೂತಿತ್ತು. ಬಿಡಿಸಿದ ಕೂಡಲೇ ಮಲಗಿದರು.

ಅಕ್ಷರಮಾಲೆಯ ಹಲಗೆಗಿಂತ ಪದಗಳ ಹಾಳೆ ಒಳ್ಳೆಯದು. ನೋವು, ಕಫ, ನೀರು, ಮಗ್ಗುಲು, ಚಳಿ, ಮೂತ್ರ, ಯಾರು ಬಂದಿದ್ದಾರೆ, ಎಷ್ಟು ಗಂಟೆ: ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ಲಾಸ್ಟಿಕ್ ಹಾಕಿಸಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರಾದರೆ ಆ ಪದಗಳನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಕಾಯಿಲೆಯ ಹೊತ್ತಿಗೆ ಮನುಷ್ಯನಿಗೆ ಉಳಿಯುವುದು ಮನೆಯ ಮಾತು. ಕನ್ನಡಕ ಹಾಕುವವರಿಗೆ ಕನ್ನಡಕ, ಕಿವಿಯ ಮೆಷಿನ್ ಇರುವವರಿಗೆ ಮೆಷಿನ್ ಒಳಗೆ ಕಳುಹಿಸಲು ಮರೆಯಬೇಡಿ.

ಮುಂದೆ, ಟ್ಯೂಬಿನ ಸುತ್ತಲಿನ ಗಾಳಿಯ ಬಲೂನನ್ನು ಇಳಿಸಬಹುದಾದಾಗ ಮಾತಾಡುವ ವಾಲ್ವ್ ಹಾಕುತ್ತಾರೆ. ಬಲೂನು ಉಬ್ಬಿರುವಾಗ ಆ ವಾಲ್ವ್ ಹಾಕಿದರೆ ಉಸಿರು ಒಳಗೆ ಹೋಗುತ್ತದೆ, ಹೊರಬರುವುದಿಲ್ಲ. ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಯಾರು ಎಷ್ಟು ಅವಸರ ಮಾಡಿದರೂ ಈ ಒಂದು ಮಾತು ನೆನಪಿರಲಿ.

ಗಂಜಿ ತಿಳಿ ಕೊಡುವ ಮೊದಲು

ಹುಷಾರಿಲ್ಲದವರಿಗೆ ಮೊದಲು ಗಂಜಿ ತಿಳಿ ಎಂಬುದು ನಮ್ಮ ಊರಿನ ರೂಢಿ. ಟ್ರೇಕಿ ಇರುವವರಿಗೆ ಅದು ತಿರುಗುಮುರುಗಾಗಬಹುದು. ತೆಳ್ಳಗಿನ ದ್ರವವೇ ಸುಲಭವಾಗಿ ಶ್ವಾಸನಾಳಕ್ಕೆ ಜಾರುತ್ತದೆ; ಕೆಮ್ಮು ಕೂಡ ಬರದೆ ಒಳಗಿಳಿದು ನ್ಯುಮೋನಿಯಾ ಮಾಡಬಹುದು. ಬಾಯಿಂದ ಏನು ಕೊಡುವ ಮೊದಲೂ ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ನೋಡಬೇಕು. ಈ ವಿಷಯದಲ್ಲಿ ನಾವು ಅದೃಷ್ಟವಂತರು: ಮಂಗಳೂರಿನಲ್ಲೂ ಮಣಿಪಾಲದಲ್ಲೂ ವಾಕ್ ಮತ್ತು ಶ್ರವಣ ಕಲಿಸುವ ಕಾಲೇಜುಗಳೇ ಇವೆ, ಥೆರಪಿಸ್ಟರಿಗೆ ಬರವಿಲ್ಲ. ಅವರು ಹೇಳಿದ ಹದದಲ್ಲಿ, ಮಂದವಾಗಿ, ಕೂರಿಸಿ, ಚಮಚದಲ್ಲಿ ಕೊಡಿ. ಬೊಂಡವನ್ನು (ಎಳನೀರನ್ನು) ಆಹಾರದ ಟ್ಯೂಬಿನಲ್ಲಿ ಕೊಡುವ ಆಸೆಯಾಗುತ್ತದೆ. ಪೊಟ್ಯಾಸಿಯಂ ಹೆಚ್ಚಿರುವ ಪಾನೀಯ ಅದು, ಕಿಡ್ನಿ ಸೋತಿರುವವರಿಗೆ ಕೇಳದೆ ಕೊಡಬೇಡಿ.

ಟ್ಯೂಬ್ ಇಟ್ಟುಕೊಂಡೇ ಮನೆಗೆ ಹೋಗುವುದಾದರೆ

ಡಿಸ್‌ಚಾರ್ಜಿಗೆ ಮೊದಲು ಮನೆಯ ಇಬ್ಬರು ನಮ್ಮೆದುರೇ ತಮ್ಮ ಕೈಯಿಂದ ಸಕ್ಷನ್ (ಮೆಷಿನ್ನಿನಿಂದ ಕಫ ಎಳೆಯುವುದು) ಮಾಡಿ, ಒಳಟ್ಯೂಬ್ ತೆಗೆದು ತೊಳೆದು ಹಾಕಿ ತೋರಿಸಬೇಕು. ನೋಡಿ ಕಲಿತದ್ದು ರಾತ್ರಿ ಎರಡು ಗಂಟೆಗೆ ಕೈಗೆ ಬರುವುದಿಲ್ಲ. ಕೈ ತೊಳೆದು, ಗ್ಲೌಸ್ ಹಾಕಿ, ಕಫ ಎಳೆಯುವ ಸಪೂರ ಕೊಳವೆಯಾದ ಕ್ಯಾಥೆಟರನ್ನು ಟ್ಯೂಬಿನ ಉದ್ದದಷ್ಟೇ ಇಳಿಸಿ. ಇಳಿಸುವಾಗ ಎಳೆತ ಬೇಡ, ಹೊರತೆಗೆಯುವಾಗ ಮಾತ್ರ. ಒಂದು ಸಲಕ್ಕೆ 10ರಿಂದ 15 ಸೆಕೆಂಡ್. ಮೆಷಿನ್ನಿನ ಒತ್ತಡ 80ರಿಂದ 120 mmHg ನಡುವೆ ಇರಲಿ. ಗಡಿಯಾರ ನೋಡಿ ಮಾಡಬೇಡಿ, ಗೊರಗೊರ ಕೇಳಿಸಿದಾಗ ಮಾಡಿ. ಪ್ಲೇಟ್ಲೆಟ್ ಕಡಿಮೆಯಿರುವವರಿಗೆ ಅನಗತ್ಯ ಸಕ್ಷನ್ನಿನಿಂದಲೇ ರಕ್ತ ಬರುತ್ತದೆ. ಬಾವಿ ನೀರನ್ನು ನೇರವಾಗಿ ಬಳಸಬೇಡಿ. ಸಲೈನ್ ಅಥವಾ ಕುದಿಸಿ ಆರಿಸಿದ ನೀರು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬಂದೀತು ಎಂದು ಹೇಳಲಾಗದು. ಬ್ಯಾಟರಿ ಇರುವ ಸಕ್ಷನ್ ಮೆಷಿನ್ ತನ್ನಿ, ಇಲ್ಲವೇ ಕಾಲಲ್ಲಿ ಒತ್ತುವ ಪಂಪ್ ಒಂದು ಇಟ್ಟುಕೊಳ್ಳಿ. ರೋಗಿಯ ಕೋಣೆಯ ಗೋಡೆಯಲ್ಲಿ ಪಾಚಿ, ಬೂಷ್ಟು ಇರಬಾರದು. ಕೌಂಟ್ ಇಲ್ಲದ ಶ್ವಾಸಕೋಶಕ್ಕೆ ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರ ಬಲು ಕೆಟ್ಟದ್ದು. ಬಚ್ಚಲ ಒಲೆಯ ಹೊಗೆ, ಅಡಿಕೆ ಸುಲಿಯುವ ಧೂಳು, ಮನೆ ರಿಪೇರಿ ಎಲ್ಲ ದೂರ ಇರಲಿ. ಸ್ನಾನದಲ್ಲಿ ನೀರು ಎದೆಯಿಂದ ಕೆಳಗೆ ಮಾತ್ರ.

ತಲೆದಿಂಬಿನ ಹತ್ತಿರ ಒಂದು ಡಬ್ಬ ಇರಲಿ: ಅದೇ ಅಳತೆಯ ಟ್ಯೂಬ್ ಒಂದು, ಒಂದು ಅಳತೆ ಚಿಕ್ಕದು, ತೂರಿಸುವ ಒಳಕಡ್ಡಿ, ಪಟ್ಟಿ, ಕತ್ತರಿ, 10 ಎಂಎಲ್ ಸಿರಿಂಜ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್. ಉಸಿರು ಕಟ್ಟಿದರೆ ಮೊದಲು ಒಳಟ್ಯೂಬ್ ತೆಗೆಯಿರಿ. ಮುಚ್ಚಿಕೊಳ್ಳುವುದು ಹೆಚ್ಚಾಗಿ ಅದೇ. ಆಗಲೂ ಬಿಡದಿದ್ದರೆ ಸಕ್ಷನ್, ಕಲಿಸಿದಂತೆ ಟ್ಯೂಬ್ ಬದಲಾವಣೆ, ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್. ಬೈಂದೂರು, ಸುಳ್ಯದಂಥ ದೂರದವರು ಹತ್ತಿರದ ಆಸ್ಪತ್ರೆಯಲ್ಲಿ ಮೊದಲೇ ಪರಿಚಯ ಮಾಡಿಟ್ಟುಕೊಳ್ಳಿ.

ಎರಡು ವಿಷಯಕ್ಕೆ ಬೆಳಗಾಗಲಿ ಎಂದು ಕಾಯಬೇಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ನೋಡುವುದಲ್ಲ. ಕೌಂಟ್ ಇಲ್ಲದವರಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಬೀಳಬೇಕು. ಟ್ರೇಕಿಯಾಗಿ ಕೆಲವು ದಿನ ಕಳೆದು, ಮುಖ್ಯವಾಗಿ ಮೊದಲ ಮೂರು ನಾಲ್ಕು ವಾರದಲ್ಲಿ, ಟ್ಯೂಬಿನಿಂದ ಹಠಾತ್ ಹಸಿ ರಕ್ತ ಬಂದರೆ, ಚಮಚದಷ್ಟೇ ಬಂದು ನಿಂತರೂ ಹೊರಡಿ. ಪಕ್ಕದ ದೊಡ್ಡ ರಕ್ತನಾಳ ಸವೆದಿರುವ ಮುನ್ಸೂಚನೆ ಅದಾಗಿರಬಹುದು.

ತೆಗೆಯುವಾಗ

ಕೆಮ್ಮಿ ತಾನೇ ಕಫ ತೆಗೆಯುವಂತಾಗಿ, ಬಲೂನು ಇಳಿಸಿ, ಟ್ಯೂಬಿಗೆ ಮುಚ್ಚಳ ಹಾಕಿ ಒಂದೆರಡು ದಿನ ಮೂಗಿನಿಂದಲೇ ಉಸಿರಾಡಿದರೆ ಟ್ಯೂಬ್ ತೆಗೆಯುತ್ತಾರೆ. ಹೊಲಿಗೆ ಬೇಡ, ತೂತು ತಾನಾಗಿ ಮುಚ್ಚುತ್ತದೆ. ಕೆಮ್ಮುವಾಗ, ಮಾತಾಡುವಾಗ ಬ್ಯಾಂಡೇಜ್ ಮೇಲೆ ಎರಡು ಬೆರಳು ಒತ್ತಿ ಹಿಡಿಯಬೇಕು. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಗಾಯ ನಿಧಾನ. ವಾರಗಳಾದರೂ ಗಾಳಿ ಸೋರುತ್ತಿದ್ದರೆ ಇಎನ್‌ಟಿಯವರು ಹೊಲಿದು ಮುಚ್ಚುತ್ತಾರೆ.

ಮುಂದಿನ ಕೀಮೋಗೆ ಹೋಗುವಾಗ ಟ್ರೇಕಿಯ ದಿನಾಂಕ, ಟ್ಯೂಬಿನ ಅಳತೆ, ತೆಗೆದ ದಿನ ಬರೆದ ಡಿಸ್‌ಚಾರ್ಜ್ ಹಾಳೆಯನ್ನು ಫೈಲಿನ ಮೊದಲಿಗೇ ಇಡಿ. ಮತ್ತೆಂದಾದರೂ ಅರಿವಳಿಕೆ ಕೊಡಬೇಕಾದರೆ ಆ ಡಾಕ್ಟರಿಗೆ ಅದು ಬೇಕೇ ಬೇಕು. ಟ್ಯೂಬ್ ಇದ್ದ ಜಾಗ ತಿಂಗಳುಗಳ ನಂತರ ಕಿರಿದಾಗುವುದುಂಟು: ಮೆಟ್ಟಿಲು ಹತ್ತುವಾಗ ಸೀಟಿಯಂಥ ಸದ್ದು ಕೇಳಿಸಿದರೆ ‘ಕೌಂಟ್ ಕಡಿಮೆಯಾಗಿರಬೇಕು, ಅದರ ಸುಸ್ತು’ ಎಂದು ಬಿಟ್ಟುಬಿಡದೆ ಇಎನ್‌ಟಿಗೆ ತೋರಿಸಿ.